ದೆಹಲಿ ಕಾಲೇಜಿನ ಗಣಿತಾಧ್ಯಾಪಕ ಮಾಸ್ಟರ್ ರಾಮಚಂದ್ರ

ಹತ್ತೊಂಬತ್ತನೆಯ ಶತಮಾನದ ಉತ್ತರ ಭಾರತದ ಶಿಕ್ಷಣ ಚರಿತ್ರೆಯಲ್ಲಿ ಮಾಸ್ಟರ್ ರಾಮಚಂದ್ರರ ಹೆಸರು ಸಾಮಾನ್ಯವಾಗಿ ಒಂದೇ ಒಂದು ಪ್ರಸಂಗದ ಮೂಲಕ ಪ್ರವೇಶಿಸುತ್ತದೆ. 1850ರಲ್ಲಿ ಸ್ವಂತ ಖರ್ಚಿನಿಂದ ಕಲ್ಕತ್ತೆಯಲ್ಲಿ ಅವರು ಅಚ್ಚು ಹಾಕಿಸಿದ ಗಣಿತ ಗ್ರಂಥವನ್ನು ಲಂಡನ್ನಿನ ಗಣಿತ ಪ್ರಾಧ್ಯಾಪಕ ಅಗಸ್ಟಸ್ ಡಿ ಮಾರ್ಗನ್ ಮೆಚ್ಚಿಕೊಂಡು, 1859ರಲ್ಲಿ ತಮ್ಮ ದೀರ್ಘ ಮುನ್ನುಡಿಯೊಡನೆ ಇಂಗ್ಲೆಂಡಿನಲ್ಲಿ ಮತ್ತೆ ಪ್ರಕಟವಾಗುವಂತೆ ಮಾಡಿದರು ಎಂಬುದೇ ಆ ಪ್ರಸಂಗ. ಎಲ್ಲೋ ಮೂಲೆಯಲ್ಲಿದ್ದ ಭಾರತೀಯ ಪ್ರತಿಭೆಯನ್ನು ದೂರದ ಇಂಗ್ಲಿಷ್ ವಿದ್ವಾಂಸನೊಬ್ಬ ಗುರುತಿಸಿದನೆಂಬ ಈ ನಿರೂಪಣೆ ಸುಳ್ಳಲ್ಲವಾದರೂ, ಅದು ಆ ಗ್ರಂಥದ ನಿಜವಾದ ಸ್ವರೂಪವನ್ನು ಮರೆಮಾಡುತ್ತದೆ. ರಾಮಚಂದ್ರರು ಮೊದಲಿನಿಂದ ಕೊನೆಯವರೆಗೂ ಪಾಠ ಹೇಳುವವರಾಗಿದ್ದರು, ಪಠ್ಯಪುಸ್ತಕಗಳನ್ನು ಬರೆಯುವವರಾಗಿದ್ದರು. ಅವರ ಪ್ರಸಿದ್ಧ ಗ್ರಂಥವೂ ಉರ್ದುವಿನಲ್ಲಿ ಪಾಠ ನಡೆಯುತ್ತಿದ್ದ ತರಗತಿಯೊಂದರ ಅಗತ್ಯದಿಂದ ಹುಟ್ಟಿದ ಪಠ್ಯವೇ ಆಗಿತ್ತು. ಹಾಗೆ ಓದಿದಾಗ ಮಾತ್ರ ಅದರ ಹಿರಿಮೆಯೂ ಅದಕ್ಕೆ ಒದಗಿದ ಸೋಲೂ ಸರಿಯಾದ ಬೆಳಕಿನಲ್ಲಿ ಕಾಣುತ್ತವೆ.

ರಾಮಚಂದ್ರರು 1821ರಲ್ಲಿ ಪಾಣಿಪತ್‌ನಲ್ಲಿ ಹುಟ್ಟಿದರು. ಅವರದು ದೆಹಲಿಯ ಮಾಥುರ್ ಕಾಯಸ್ಥ ಮನೆತನ. ತಲೆಮಾರುಗಳಿಂದ ಬರವಣಿಗೆ, ಲೆಕ್ಕಪತ್ರ ಮತ್ತು ಆಡಳಿತದ ಕೆಲಸಗಳಲ್ಲಿ ತೊಡಗಿ, ಮೊಗಲರ ಕಾಲದಲ್ಲಿ ಪಾರಸಿ ಭಾಷೆಯನ್ನು ಕರಗತ ಮಾಡಿಕೊಂಡಿದ್ದ ಸಮುದಾಯವದು. ಕಂದಾಯ ಇಲಾಖೆಯ ನೌಕರಿಯಲ್ಲಿದ್ದ ತಂದೆ ಸುಂದರಲಾಲ್, ಮಗನಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ತೀರಿಕೊಂಡುದರಿಂದ ಮಕ್ಕಳನ್ನು ಸಾಕುವ ಹೊರೆ ತಾಯಿಯ ಮೇಲೆ ಬಿದ್ದಿತು. 1833ರಲ್ಲಿ ದೆಹಲಿಯ ಸರ್ಕಾರಿ ಇಂಗ್ಲಿಷ್ ಶಾಲೆಗೆ ಸೇರಿದ ಹುಡುಗನಿಗೆ ಅದೇ ಎಳೆಯ ವಯಸ್ಸಿನಲ್ಲಿ ಸಿರಿವಂತರ ಮನೆಯ ಹೆಣ್ಣಿನೊಡನೆ ಮದುವೆಯಾಯಿತು; ವಧುವಿಗೆ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ ಎಂಬುದು ಮದುವೆಯ ನಂತರವೇ ತಿಳಿಯಿತು, ಆ ಸಂಬಂಧದಿಂದ ಕುಟುಂಬದ ಬಡತನ ನೀಗಬಹುದೆಂಬ ನಿರೀಕ್ಷೆಯೂ ಕೈಗೂಡಲಿಲ್ಲ. ಶಾಲೆ ಬಿಟ್ಟು ಕೆಲವು ಕಾಲ ಕಚೇರಿಯ ಕಾಗದಪತ್ರಗಳನ್ನು ನಕಲು ಮಾಡುವ ಗುಮಾಸ್ತಿಕೆ ಮಾಡಿದ ರಾಮಚಂದ್ರರು 1841ರಲ್ಲಿ ಸ್ಪರ್ಧೆಯ ಮೂಲಕ ತಿಂಗಳಿಗೆ 30 ರೂಪಾಯಿಯ ವಿದ್ಯಾರ್ಥಿವೇತನ ಪಡೆದು ದೆಹಲಿ ಕಾಲೇಜಿನ ವಿದ್ಯಾರ್ಥಿಯಾದರು. ಗಣಿತವನ್ನು ಅವರು ಬಹುಮಟ್ಟಿಗೆ ತಾವೇ ಪುಸ್ತಕಗಳನ್ನು ಇಟ್ಟುಕೊಂಡು ಕಲಿತರೆಂಬುದು ಮುಂದೆ ಅವರು ಪಾಠದ ಪುಸ್ತಕಗಳ ಬಗೆಗೆ ತೋರಿದ ಕಾಳಜಿಯನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ.

ಆ ಕಾಲೇಜಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ರಾಮಚಂದ್ರರಂಥ ಅಧ್ಯಾಪಕರು ರೂಪುಗೊಳ್ಳುವುದಕ್ಕೆ ಅಲ್ಲಿಯ ವಿಶಿಷ್ಟ ವ್ಯವಸ್ಥೆಯೇ ಕಾರಣ. ಅಜ್ಮೇರಿ ದರವಾಜೆಯ ಹೊರಗಿದ್ದ ಗಾಜಿಉದ್ದೀನ್ ಖಾನರ ಹಳೆಯ ಮದರಸೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ 1825ರಲ್ಲಿ ಈ ಕಾಲೇಜನ್ನು ಆರಂಭಿಸಿತು. ಅರಬ್ಬಿ, ಪಾರಸಿ, ಸಂಸ್ಕೃತಗಳನ್ನು ಕಲಿಸುವ ಪೌರ್ವಾತ್ಯ ವಿಭಾಗದ ಜೊತೆಗೆ 1828ರಿಂದ ಇಂಗ್ಲಿಷ್ ವಿಭಾಗವೊಂದು ಸೇರಿಕೊಂಡಿತು. 1829ರಲ್ಲಿ ಲಖನೌದ ನವಾಬ್ ಇತಿಮಾದ್‌ಉದ್ದೌಲಾ ಅವರು ಕೊಟ್ಟ 1,70,000 ರೂಪಾಯಿಯ ದತ್ತಿ ಪೌರ್ವಾತ್ಯ ವಿಭಾಗಕ್ಕೆ ಆಸರೆಯಾಯಿತು. 1835ರಲ್ಲಿ ಮೆಕಾಲೆಯ ಟಿಪ್ಪಣಿಯನ್ನು ಅನುಸರಿಸಿ ಬೆಂಟಿಂಕನ ಸರ್ಕಾರ ಶಿಕ್ಷಣದ ಹಣವನ್ನು ಇಂಗ್ಲಿಷಿನ ಕಡೆಗೆ ತಿರುಗಿಸಿದ ಮೇಲೂ ದೆಹಲಿ ಕಾಲೇಜು ಬೇರೆ ದಾರಿ ಹಿಡಿಯಿತು. ಅಲ್ಲಿಯ ಪೌರ್ವಾತ್ಯ ವಿಭಾಗದಲ್ಲಿ ಯೂರೋಪಿನ ಹೊಸ ವಿಜ್ಞಾನ, ಭೂಗೋಳ, ಗಣಿತಗಳನ್ನು ಉರ್ದುವಿನಲ್ಲೇ ಕಲಿಸತೊಡಗಿದರು. ವಿಜ್ಞಾನ ಬೇಕೆಂದರೆ ಇಂಗ್ಲಿಷ್ ಬೇಕು, ದೇಶಭಾಷೆ ಬೇಕೆಂದರೆ ಹಳೆಯ ಶಾಸ್ತ್ರಗಳಿಗೆ ತೃಪ್ತರಾಗಬೇಕು ಎಂದು ಉಳಿದ ಕಡೆಗಳಲ್ಲಿ ಒಪ್ಪಿಕೊಂಡಿದ್ದ ವಿಭಜನೆಯನ್ನು ಈ ಒಂದು ಸಂಸ್ಥೆ ಒಪ್ಪಲಿಲ್ಲ.

ಹಾಗೆ ಕಲಿಸಲು ಪುಸ್ತಕಗಳು ಬೇಕಾಗಿದ್ದುವು. 1840ರ ದಶಕದ ಮೊದಲ ವರ್ಷಗಳಲ್ಲಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಫೆಲಿಕ್ಸ್ ಬೂತ್ರೋ ಎಂಬ ಫ್ರೆಂಚರು ದೇಶಭಾಷೆಗಳಿಗೆ ಗ್ರಂಥಗಳನ್ನು ಅನುವಾದಿಸುವ ಸಂಘವೊಂದನ್ನು ಕಾಲೇಜಿನೊಡನೆ ಜೋಡಿಸಿದರು. ಅವರ ನಂತರ ಬಂದ, ಅರಬ್ಬಿಯಲ್ಲಿ ಹೆಸರಾಂತ ವಿದ್ವಾಂಸರಾಗಿದ್ದ ಅಲಾಯ್ಸ್ ಸ್ಪ್ರೆಂಗರ್ ಅದನ್ನು ಮುಂದುವರಿಸಿದರು. ಉರ್ದುವಿನಲ್ಲಿ ಸರಿಯಾದ ಪದವಿಲ್ಲದ ಕಡೆ ಇಂಗ್ಲಿಷ್ ಪದವನ್ನೇ ಇಟ್ಟುಕೊಳ್ಳಬೇಕು, ಅರಬ್ಬಿ ಮತ್ತು ಪಾರಸಿಯಲ್ಲಿ ಆಗಲೇ ರೂಢಿಯಲ್ಲಿರುವ ಪದವನ್ನು ಬಿಡಬಾರದು ಎಂಬಂಥ ನಿಯಮಗಳನ್ನು ಆ ಸಂಘ ಬರೆದಿಟ್ಟುಕೊಂಡಿತ್ತು. ಕನ್ನಡದಲ್ಲಿ ವಿಜ್ಞಾನ ಬರೆಯುವವರು ಇಂದಿಗೂ ಚರ್ಚಿಸುವ ಪ್ರಶ್ನೆಗಳು ಅಲ್ಲಿ ಸುಮಾರು ನೂರಎಂಬತ್ತು ವರ್ಷಗಳ ಹಿಂದೆ, ನಾಳೆಯ ಪಾಠಕ್ಕೆ ಪುಸ್ತಕ ಸಿದ್ಧವಾಗಬೇಕೆಂಬ ಒತ್ತಡದಲ್ಲಿ, ಬಗೆಹರಿಯುತ್ತಿದ್ದುವು. 1844ರಲ್ಲಿ ತಿಂಗಳಿಗೆ 50 ರೂಪಾಯಿ ಸಂಬಳದ ಮೇಲೆ ಪೌರ್ವಾತ್ಯ ವಿಭಾಗದಲ್ಲಿ ಯೂರೋಪಿನ ವಿಜ್ಞಾನದ ಅಧ್ಯಾಪಕರಾಗಿ ನೇಮಕವಾದ ರಾಮಚಂದ್ರರು ಈ ಕೆಲಸದ ಮುಖ್ಯ ಭಾಗಿಗಳಾದರು. ಬೀಜಗಣಿತ, ತ್ರಿಕೋನಮಿತಿ, ಶಂಕುವನ್ನು ಬೇರೆಬೇರೆ ಓರೆಗಳಲ್ಲಿ ಕತ್ತರಿಸಿದಾಗ ದೊರೆಯುವ ವಕ್ರರೇಖೆಗಳ ಶಾಸ್ತ್ರವಾದ ಶಂಕುಚ್ಛೇದ, ಇವುಗಳಿಂದ ಹಿಡಿದು ಅವಕಲನ ಮತ್ತು ಅನುಕಲನಗಳವರೆಗೆ ಅವರು ಉರ್ದುವಿನಲ್ಲಿ ಪುಸ್ತಕಗಳನ್ನು ಅನುವಾದಿಸಿದರು ಅಥವಾ ಸಂಕಲಿಸಿದರು. ಬದಲಾಗುತ್ತಿರುವ ಪರಿಮಾಣವೊಂದು ಪ್ರತಿ ಕ್ಷಣದಲ್ಲೂ ಯಾವ ದರದಲ್ಲಿ ಬದಲಾಗುತ್ತಿದೆ ಎಂಬುದನ್ನು ಲೆಕ್ಕಹಾಕುವ ವಿದ್ಯೆ ಅವಕಲನ; ಹಾಗೆ ಕ್ಷಣಕ್ಷಣಕ್ಕೂ ಆದ ಬದಲಾವಣೆಗಳನ್ನೆಲ್ಲ ಕೂಡಿಸುವ ವಿದ್ಯೆ ಅನುಕಲನ; ಎರಡೂ ಸೇರಿ ಕಲನಶಾಸ್ತ್ರ. ಇಂಗ್ಲೆಂಡಿನಲ್ಲೂ ಆಗ ವಿಶ್ವವಿದ್ಯಾಲಯದ ಮಟ್ಟದ ವಿಷಯವಾಗಿದ್ದ ಇದು ದೆಹಲಿಯ ತರಗತಿಯಲ್ಲಿ ಉರ್ದುವಿನ ಪಾಠವಾಗಿತ್ತು.

ಆ ತರಗತಿಯ ವಾತಾವರಣವನ್ನು ರಾಮಚಂದ್ರರೇ ಮುಂದೆ ತಮ್ಮ ಆತ್ಮವೃತ್ತಾಂತದಲ್ಲಿ ಚಿತ್ರಿಸಿದ್ದಾರೆ. ಭೂಮಿ ವಿಶ್ವದ ನಡುವೆ ಅಲುಗದೆ ನಿಂತಿದೆ ಎಂಬ ಗ್ರೀಕ್ ಮೂಲದ, ಅರಬ್ಬಿ ಗ್ರಂಥಗಳ ಮೂಲಕ ಬಂದ ಸಿದ್ಧಾಂತವನ್ನು ಮೇಲ್ತರಗತಿಯ ವಿದ್ಯಾರ್ಥಿಗಳು ಬಿಟ್ಟುಕೊಟ್ಟು ಹೊಸ ಖಗೋಳವನ್ನು ಒಪ್ಪಿದರು. ಕಾಲೇಜಿನ ಹೊರಗೆ ನಗರದಲ್ಲಿದ್ದ ಹಳೆಯ ವಿದ್ವಾಂಸರಿಗೆ ಇದು ಸಹಿಸದಾಯಿತು. ಇಲ್ಲಿ ಗಮನಿಸಬೇಕಾದುದೆಂದರೆ, ಈ ವಾದವಿವಾದ ನಡೆದದ್ದು ಇಂಗ್ಲಿಷ್ ಬಲ್ಲ ಕೆಲವರ ನಡುವೆ ಅಲ್ಲ, ಪಾರಸಿ ಅರಬ್ಬಿ ಓದಿದ ಎರಡು ಬಣದವರ ನಡುವೆ, ಇಬ್ಬರಿಗೂ ತಿಳಿಯುವ ಭಾಷೆಯಲ್ಲಿ. ಆ ಕಾಲದ ವಿದ್ಯಾರ್ಥಿಗಳಲ್ಲಿ ಮುಂದೆ ಉರ್ದು ಕಾದಂಬರಿಯ ಆರಂಭಕಾರರೆನಿಸಿದ ನಜೀರ್ ಅಹ್ಮದ್, ಉರ್ದು ಕಾವ್ಯದ ಚರಿತ್ರೆಯನ್ನು ಬರೆದ ಮುಹಮ್ಮದ್ ಹುಸೇನ್ ಆಜಾದ್, ಗಣಿತ ಗ್ರಂಥಕಾರ ಜಕಾಉಲ್ಲಾ ಇದ್ದರು.

ಪಾಠದ ಜೊತೆಗೆ ರಾಮಚಂದ್ರರು ಪತ್ರಿಕೆಗಳನ್ನೂ ನಡೆಸಿದರು. 1845ರಲ್ಲಿ ‘ಫವಾಯಿದುನ್ನಾಜಿರೀನ್’ ಎಂಬ ಪಾಕ್ಷಿಕ, 1847ರಲ್ಲಿ ಮುಂದೆ ‘ಮುಹಿಬ್ಬೆ ಹಿಂದ್’ ಎಂದು ಹೆಸರು ಬದಲಿಸಿಕೊಂಡ ಮಾಸಿಕ, ಹೀಗೆ ಎರಡು ಪತ್ರಿಕೆಗಳಲ್ಲಿ ವಿಜ್ಞಾನ, ಇತಿಹಾಸ, ಸಮಾಜ ಸುಧಾರಣೆಯ ಲೇಖನಗಳನ್ನು ಸರಳ ಗದ್ಯದಲ್ಲಿ ಬರೆದರು. ಉರ್ದುವಿನಲ್ಲಿ ಪ್ರಬಂಧ ಪ್ರಕಾರದ ಚರಿತ್ರೆಯನ್ನು ಬರೆಯುವವರು ಸರ್ ಸೈಯದ್ ಅಹ್ಮದ್ ಖಾನರಿಗಿಂತ ಹಿಂದಿನ ಮೊದಲ ಹೆಸರುಗಳಲ್ಲಿ ಒಂದಾಗಿ ಅವರನ್ನು ಎಣಿಸುವುದುಂಟು. 1849ರ ‘ತಜ್ಕಿರತುಲ್ ಕಾಮಿಲೀನ್’ ಎಂಬ ಅವರ ಜೀವನಚರಿತ್ರೆಗಳ ಸಂಗ್ರಹದಲ್ಲಿ ಗ್ರೀಕ್ ಮತ್ತು ರೋಮನ್ ಮಹನೀಯರ ಸಾಲಿನಲ್ಲಿ ಭಾರತದ ಗಣ್ಯರಿಗೂ ಸ್ಥಾನ ಸಿಕ್ಕಿತು. ಪತ್ರಿಕೆಗಳಿಗೆ ಚಂದಾದಾರರು ಕಡಿಮೆ. ಕೆಲವು ಯೂರೋಪಿಯನ್ ಅಧಿಕಾರಿಗಳ ಬೆಂಬಲ ಕ್ಷೀಣಿಸಿದಂತೆ ಅವು ನಿಂತುಹೋದವು.

1850ರ ಗ್ರಂಥ ಬಂದದ್ದು ಈ ಎಲ್ಲದರ ನಡುವಿನಿಂದ. ಅದರ ವಿಷಯ ಗರಿಷ್ಠ ಮತ್ತು ಕನಿಷ್ಠಗಳ ಸಮಸ್ಯೆಗಳು, ಎಂದರೆ ಬದಲಾಗುವ ಪರಿಮಾಣವೊಂದು ಯಾವ ಸ್ಥಿತಿಯಲ್ಲಿ ಅತಿ ದೊಡ್ಡದು ಅಥವಾ ಅತಿ ಚಿಕ್ಕದು ಆಗುತ್ತದೆ ಎಂಬ ಪ್ರಶ್ನೆಗಳು. ಇಂಥ ಸಮಸ್ಯೆಗಳನ್ನು ಅವಕಲನದ ಸಹಾಯದಿಂದ ಬಿಡಿಸುವುದು ಯೂರೋಪಿನಲ್ಲಿ ರೂಢಿಯಾಗಿತ್ತು. ರಾಮಚಂದ್ರರು ಅವಕಲನವನ್ನು ಸಂಪೂರ್ಣವಾಗಿ ಬದಿಗಿಟ್ಟು, ವರ್ಗ ಸಮೀಕರಣದವರೆಗಿನ ಬೀಜಗಣಿತವೊಂದರಿಂದಲೇ ಅವುಗಳನ್ನು ಬಿಡಿಸಿ ತೋರಿಸಿದರು. ಕಲನಶಾಸ್ತ್ರ ಬಾರದವರು ಮಾಡಿದ ಸಾಹಸ ಇದಲ್ಲ; ಕಲನಶಾಸ್ತ್ರವನ್ನು ಉರ್ದುವಿಗೆ ತಂದವರೇ ಅದಿಲ್ಲದೆ ಎಷ್ಟು ದೂರ ಹೋಗಬಹುದೆಂದು ತೋರಿಸಲು ಹೊರಟದ್ದು.

ಅವರ ಕ್ರಮದ ತಿರುಳನ್ನು ಚಿಕ್ಕ ಉದಾಹರಣೆಯಿಂದ ತಿಳಿಯಬಹುದು. 10 ಎಂಬ ಸಂಖ್ಯೆಯನ್ನು ಎರಡು ಭಾಗ ಮಾಡಿ, ಆ ಭಾಗಗಳ ಗುಣಲಬ್ಧ ಅತಿ ದೊಡ್ಡದಾಗಬೇಕೆಂದುಕೊಳ್ಳೋಣ. ಒಂದು ಭಾಗ ‘ಯ’ ಆದರೆ ಇನ್ನೊಂದು 10 − ಯ; ಗುಣಲಬ್ಧವನ್ನು ‘ರ’ ಎಂದು ಕರೆದರೆ ಯ² − 10ಯ + ರ = 0 ಎಂಬ ವರ್ಗ ಸಮೀಕರಣ ದೊರೆಯುತ್ತದೆ. ಅದನ್ನು ಬಿಡಿಸಿದರೆ ಯ = 5 ± √(25 − ರ). ಋಣ ಸಂಖ್ಯೆಗೆ ವಾಸ್ತವ ವರ್ಗಮೂಲ ಇಲ್ಲವಾದುದರಿಂದ ‘ರ’ 25ನ್ನು ಮೀರುವಂತಿಲ್ಲ. ಆದ್ದರಿಂದ ಗುಣಲಬ್ಧದ ಗರಿಷ್ಠ ಬೆಲೆ 25, ಆಗ ಎರಡು ಭಾಗಗಳೂ 5. ಗರಿಷ್ಠ ಸ್ಥಿತಿಯಲ್ಲಿ ಸಮೀಕರಣದ ಎರಡು ಮೂಲಗಳು, ಎಂದರೆ ‘ಯ’ಗೆ ಸಿಗುವ ಎರಡು ಉತ್ತರಗಳು, ಕೂಡಿಕೊಂಡು ಒಂದೇ ಆಗುತ್ತವೆ ಎಂಬುದೇ ಇಲ್ಲಿಯ ಗುಟ್ಟು.

ಇಷ್ಟು ಮಾತ್ರವಾಗಿದ್ದರೆ ಅದು ಹೊಸದೇನೂ ಆಗುತ್ತಿರಲಿಲ್ಲ. ಸಮೀಕರಣ ಮೂರನೆಯ ಘಾತಕ್ಕೆ, ಎಂದರೆ ಘನ ಸಮೀಕರಣಕ್ಕೆ, ಏರಿದಾಗ ಏನು ಮಾಡಬೇಕೆಂಬುದರಲ್ಲಿ ರಾಮಚಂದ್ರರ ಜಾಣ್ಮೆ ಕಾಣುತ್ತದೆ. ಯ²(12 − ಯ) ಎಂಬುದು ಅತಿ ದೊಡ್ಡದಾಗಬೇಕು ಎನ್ನೋಣ. ಇಲ್ಲಿ ‘ಯ’ ಎಂಬುದು 0 ಮತ್ತು 12ರ ನಡುವಿನ ಸಂಖ್ಯೆ. ಇದನ್ನು ‘ರ’ಗೆ ಸಮ ಮಾಡಿದರೆ ಯ³ − 12ಯ² + ರ = 0 ಎಂದಾಗುತ್ತದೆ. ಈ ಸಮೀಕರಣಕ್ಕೆ ಒಂದು ಋಣ ಮೂಲ ಇದ್ದೇ ಇರುತ್ತದೆ; ಅದನ್ನು −ವ ಎಂದು ಹೆಸರಿಸಿ ಆ ಅಪವರ್ತನವನ್ನು ಹೊರತೆಗೆದರೆ ಯ² − (12 + ವ)ಯ + ವ(12 + ವ) = 0 ಎಂಬ ವರ್ಗ ಸಮೀಕರಣ ಉಳಿಯುತ್ತದೆ, ‘ರ’ದ ಬೆಲೆ ವ²(12 + ವ) ಎಂದಾಗುತ್ತದೆ. ವರ್ಗಮೂಲದ ಒಳಗಿನ ಪರಿಮಾಣ ಋಣವಾಗಬಾರದೆಂದರೆ 12 + ವ ಎಂಬುದು 4ವ ಗಿಂತ ಕಡಿಮೆಯಾಗಬಾರದು, ಎಂದರೆ ‘ವ’ 4ನ್ನು ಮೀರಬಾರದು. ‘ವ’ ಹೆಚ್ಚಿದಂತೆ ‘ರ’ವೂ ಹೆಚ್ಚುವುದರಿಂದ ‘ವ’ 4 ಆದಾಗಲೇ ‘ರ’ ಗರಿಷ್ಠ. ಆಗ ‘ರ’ 256, ‘ಯ’ 8. ಕಲನಶಾಸ್ತ್ರ ಕೊಡುವ ಉತ್ತರವೂ ಇದೇ. ಅಪರಿಚಿತವಾದ ಹೊಸ ಕಲ್ಪನೆಯೊಂದನ್ನೂ ತರದೆ, ವಿದ್ಯಾರ್ಥಿಗೆ ಆಗಲೇ ತಿಳಿದಿರುವ ವರ್ಗ ಸಮೀಕರಣವನ್ನೇ ಮತ್ತೆ ಮತ್ತೆ ಬಳಸಿ ಮೇಲಕ್ಕೆ ಹತ್ತಿಸುವ ಈ ರೀತಿ ತರಗತಿಯಲ್ಲಿ ನಿಂತು ಪಾಠ ಹೇಳಿದವರಿಗೆ ಮಾತ್ರ ಹೊಳೆಯುವಂಥದು. ಕಲನಶಾಸ್ತ್ರಕ್ಕೆ ಆಧಾರವಾದ ಅಲ್ಪಾಂಶಗಳ, ಸೀಮೆಗಳ ತರ್ಕ ಆಗಿನ ಯೂರೋಪಿನ ಪಠ್ಯಗಳಲ್ಲೂ ಮಸಕಾಗಿಯೇ ಇದ್ದುದರಿಂದ, ಕಲಿಯುವವರು ಕಾರಣ ತಿಳಿಯದೆ ನಿಯಮಗಳನ್ನು ಬಾಯಿಪಾಠ ಮಾಡುವ ಅಪಾಯವಿತ್ತು. ರಾಮಚಂದ್ರರ ಮಾರ್ಗದಲ್ಲಿ ಪ್ರತಿ ಹೆಜ್ಜೆಗೂ ಕಾರಣ ಕಣ್ಣೆದುರಿಗಿತ್ತು.

ಬೀಜಗಣಿತವನ್ನೇ ಅವರು ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಬ್ರಹ್ಮಗುಪ್ತ ಮತ್ತು ಭಾಸ್ಕರಾಚಾರ್ಯರ ಗಣಿತವನ್ನು ಕೋಲ್‌ಬ್ರೂಕ್ 1817ರಲ್ಲಿ ಇಂಗ್ಲಿಷಿಗೆ ತಂದ ಮೇಲೆ, ಬೀಜಗಣಿತ ಭಾರತದ ಸ್ವಂತ ವಿದ್ಯೆ ಎಂಬ ಅರಿವು ವಿದ್ಯಾವಂತರಲ್ಲಿ ಹರಡಿತ್ತು. ಆ ಪರಂಪರೆಯ ಚೇತನವನ್ನು ಮತ್ತೆ ಎಬ್ಬಿಸಿ, ಅದರ ಮೂಲಕ ಹೊಸ ಗಣಿತಕ್ಕೆ ದಾರಿ ಮಾಡಬೇಕೆಂಬುದು ರಾಮಚಂದ್ರರ ಆಶಯ. ಇದೇ ಬಗೆಯ ಪ್ರಯತ್ನ ಖಗೋಳದಲ್ಲಿ ಭೋಪಾಲದ ಬಳಿಯ ಸೀಹೋರಿನಲ್ಲಿ ನಡೆದಿತ್ತು: ಅಲ್ಲಿಯ ಬ್ರಿಟಿಷ್ ಅಧಿಕಾರಿ ಲ್ಯಾನ್ಸೆಲಾಟ್ ವಿಲ್ಕಿನ್ಸನ್ ಸಂಸ್ಕೃತ ಸಿದ್ಧಾಂತ ಗ್ರಂಥಗಳನ್ನೇ ಮೆಟ್ಟಿಲು ಮಾಡಿಕೊಂಡು ಕೋಪರ್ನಿಕಸನ ವ್ಯವಸ್ಥೆಯನ್ನು ಕಲಿಸಿದರು, ಅವರ ಬಳಿ ಓದಿದ ಬಾಪುದೇವ ಶಾಸ್ತ್ರಿಗಳು ಕಾಶಿಯ ಸಂಸ್ಕೃತ ಕಾಲೇಜಿನಲ್ಲಿ ಅದನ್ನು ಮುಂದುವರಿಸಿದರು. ಗಣಿತವನ್ನು ನೆಲದ ಭಾಷೆಯಲ್ಲೇ ಹೇಳಿಕೊಡುವ ಹಂಬಲ ಕನ್ನಡಿಗರಿಗೂ ಹೊಸದಲ್ಲ. 12ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರ ಗಣಿತ’ವನ್ನು ಕನ್ನಡದಲ್ಲಿ ಬರೆದದ್ದು ಆ ಹಂಬಲದಿಂದಲೇ. ಆದರೆ ರಾಮಚಂದ್ರರ ಯೋಜನೆಯಲ್ಲಿ ಒಂದು ಬಿಗಿತ ಉಳಿದೇ ಇತ್ತು. ಉರ್ದುವಿನಲ್ಲಿ ಪಾಠ ಹೇಳುತ್ತಿದ್ದವರು ಈ ಗ್ರಂಥವನ್ನು ಬರೆದದ್ದು ಇಂಗ್ಲಿಷಿನಲ್ಲಿ. ಹೊಸ ಕ್ರಮವೊಂದಕ್ಕೆ ಮಾನ್ಯತೆ ಕೊಡುವ ಅಧಿಕಾರ ಇಂಗ್ಲಿಷ್ ಓದುವವರ ಕೈಯಲ್ಲಿದ್ದ ಕಾಲದಲ್ಲಿ, ಕಲಿಯುವವರಿಗಾಗಿ ರೂಪಿಸಿದ ಪುಸ್ತಕ ಕಲಿಯುವವರ ಭಾಷೆಯಿಂದ ದೂರ ಸರಿಯಬೇಕಾಯಿತು.

ಮಾನ್ಯತೆ ಸುಲಭವಾಗಿ ಸಿಗಲೂ ಇಲ್ಲ. ಕಲ್ಕತ್ತೆಯ ಪತ್ರಿಕೆಗಳಲ್ಲಿ ಬಂದ ವಿಮರ್ಶೆಗಳು ಪ್ರತಿಕೂಲವಾಗಿದ್ದವು. ಹೆಚ್ಚು ಸಮರ್ಥವಾದ ಉಪಕರಣ ಕೈಯಲ್ಲಿರುವಾಗ ಅದನ್ನು ಬಿಟ್ಟು ಸುತ್ತುಬಳಸಿನ ದಾರಿ ಏಕೆ ಎಂಬ ಆಕ್ಷೇಪ ಸಂಶೋಧನ ಗ್ರಂಥವೊಂದಕ್ಕೆ ಸಲ್ಲಬಹುದು; ಪಠ್ಯಕ್ಕೆ ಸಲ್ಲುವುದಿಲ್ಲ. ಗವರ್ನರ್ ಜನರಲ್ಲರ ಮಂಡಲಿಯ ಕಾನೂನು ಸದಸ್ಯರೂ ಶಿಕ್ಷಣ ಮಂಡಲಿಯ ಅಧ್ಯಕ್ಷರೂ ಆಗಿದ್ದ, ಕಲ್ಕತ್ತೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದು ಹೆಸರಾದ ಡ್ರಿಂಕ್‌ವಾಟರ್ ಬೆಥೂನ್ ಮಾತ್ರ ಪುಸ್ತಕದ ಬೆಲೆಯನ್ನು ಅರಿತು, ಪ್ರತಿಗಳನ್ನು ಕೊಂಡು ಹಂಚಿದರು. ಅವುಗಳಲ್ಲಿ ಒಂದು ಡಿ ಮಾರ್ಗನ್ ಅವರಿಗೆ ತಲುಪಿತು.

ಅದು ಸರಿಯಾದ ಕೈಯನ್ನೇ ಸೇರಿತು. 1806ರಲ್ಲಿ ಮದುರೆಯಲ್ಲಿ ಕಂಪನಿಯ ಸೇನಾಧಿಕಾರಿಯೊಬ್ಬರ ಮಗನಾಗಿ ಹುಟ್ಟಿ, ಎಳೆಗೂಸಾಗಿದ್ದಾಗಲೇ ಇಂಗ್ಲೆಂಡಿಗೆ ಹೋದ ಡಿ ಮಾರ್ಗನ್, ಕೇಂಬ್ರಿಜ್‌ನಲ್ಲಿ ಓದಿ, ಧಾರ್ಮಿಕ ನಿಷ್ಠೆಯ ಪ್ರತಿಜ್ಞೆಗೆ ಒಪ್ಪದ ಕಾರಣ ಅಲ್ಲಿ ಮುಂದುವರಿಯದೆ, 1828ರಲ್ಲಿ ಯಾವ ಮತದ ಕಟ್ಟೂ ಇಲ್ಲದ ಹೊಸ ಲಂಡನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ನಡುವಿನ ಐದು ವರ್ಷಗಳನ್ನು ಬಿಟ್ಟರೆ 1866ರವರೆಗೆ ಅಲ್ಲೇ ಕಲಿಸಿದರು. ಶಾಲೆಯಲ್ಲಿ ಗಣಗಳ ಪಾಠ ಓದಿದ ಕರ್ನಾಟಕದ ಪ್ರತಿ ವಿದ್ಯಾರ್ಥಿಗೂ ಅವರ ಹೆಸರಿನ ನಿಯಮಗಳು ಗೊತ್ತು: ಎರಡು ಗಣಗಳ ಸಂಯೋಗದ ಪೂರಕ ಗಣವು ಅವುಗಳ ಪೂರಕ ಗಣಗಳ ಛೇದನಕ್ಕೆ ಸಮ, ಹಾಗೆಯೇ ಛೇದನದ ಪೂರಕ ಗಣವು ಪೂರಕ ಗಣಗಳ ಸಂಯೋಗಕ್ಕೆ ಸಮ. ಆದರೆ ತಮ್ಮ ಕಾಲದಲ್ಲಿ ಅವರು ಅಂಕಗಣಿತದಿಂದ ಕಲನಶಾಸ್ತ್ರದವರೆಗೆ ಪಠ್ಯಗಳನ್ನು ಬರೆದವರಾಗಿಯೂ, ಪರೀಕ್ಷೆಗಾಗಿ ಉರುಹೊಡೆಯುವ ಕಲಿಕೆಯ ಕಟ್ಟಾ ವಿರೋಧಿಯಾಗಿಯೂ ಪ್ರಸಿದ್ಧರಾಗಿದ್ದರು. ದೆಹಲಿಯ ಪುಸ್ತಕದಲ್ಲಿ ಅವರು ಕಂಡದ್ದು ತಮ್ಮಂಥದೇ ಇನ್ನೊಬ್ಬ ಶಿಕ್ಷಕನನ್ನು. ಅವರು ಕಂಪನಿಯ ನಿರ್ದೇಶಕರ ಮಂಡಲಿಗೆ ಬರೆದು, ಪತ್ರವ್ಯವಹಾರ ನಡೆಸಿ, ಭಾರತದಲ್ಲೂ ಯೂರೋಪಿನಲ್ಲೂ ಹಂಚುವುದಕ್ಕಾಗಿ ಅದನ್ನು ಕಂಪನಿಯ ಆದೇಶದಂತೆ ಅಚ್ಚು ಹಾಕಿಸುವಲ್ಲಿ ಯಶಸ್ವಿಯಾದರು. ರಾಮಚಂದ್ರರಿಗೆ 2000 ರೂಪಾಯಿ ಮತ್ತು ಗೌರವದ ಉಡುಗೊರೆಯಾದ ಖಿಲತ್ತು ದೊರೆತವು. ಪುಸ್ತಕ ಹೊರಬಂದ 1859ರ ಹೊತ್ತಿಗೆ ಅದನ್ನು ಆದೇಶಿಸಿದ ಕಂಪನಿಯ ಆಳ್ವಿಕೆಯೇ ಮುಗಿದುಹೋಗಿತ್ತು.

ಡಿ ಮಾರ್ಗನ್‌ರ ಮುನ್ನುಡಿ ಉದಾರವಾದುದು, ಆದರೆ ಪ್ರಶ್ನೆಗೆ ಮೀರಿದುದಲ್ಲ. ಪ್ರಾಚೀನ ಗ್ರೀಕರದು ರೇಖಾಗಣಿತದ ಮನಸ್ಸು, ಭಾರತೀಯರದು ಬೀಜಗಣಿತದ ಮನಸ್ಸು. ಭಾರತದಲ್ಲಿ ಬಹುಕಾಲ ಮಲಗಿದ್ದ ಸ್ವತಂತ್ರ ಚಿಂತನೆಯನ್ನು ಅದರ ಸ್ವಂತ ದಾರಿಯಲ್ಲೇ ಎಬ್ಬಿಸಬೇಕು. ಇಂಗ್ಲೆಂಡಿನ ಪುಸ್ತಕಗಳನ್ನು ತುರುಕುವುದರಿಂದ ನೆನಪಿನ ಶಕ್ತಿ ಬೆಳೆದೀತೇ ಹೊರತು ಆಲೋಚನೆ ಬೆಳೆಯದು. ಇದು ಅವರ ವಾದದ ಸಾರ. ಕೊನೆಯ ಮಾತು ಇಂದಿಗೂ ಸತ್ಯ. ಮೊದಲ ಮಾತನ್ನು ಒಪ್ಪುವುದು ಕಷ್ಟ. ಆರ್ಯಭಟನಿಂದ ಮೊದಲ್ಗೊಂಡು ಭಾರತೀಯ ಜ್ಯೋತಿರ್ಗಣಿತ ಜ್ಯಾ ಕೋಷ್ಟಕಗಳನ್ನು ರಚಿಸಿದ್ದು, ಶುಲ್ಬಸೂತ್ರಗಳು ಯಜ್ಞವೇದಿಗಳ ರೇಖಾಗಣಿತವನ್ನು ಕೊಟ್ಟದ್ದು, ಅರಬ್ಬಿ ವಿದ್ವಾಂಸರು ಯೂಕ್ಲಿಡನನ್ನೂ ಬೀಜಗಣಿತವನ್ನೂ ಒಟ್ಟಿಗೆ ಬೆಳೆಸಿದ್ದು ಇವೆಲ್ಲ ಜನಾಂಗಕ್ಕೊಂದು ಗಣಿತವೆಂಬ ವಿಂಗಡಣೆಗೆ ಸರಿಹೊಂದುವುದಿಲ್ಲ. ರಾಮಚಂದ್ರರೇ ಆ ವಿಂಗಡಣೆಗೆ ಅಪವಾದ: ಕಾಯಸ್ಥರ ಪಾರಸಿ ಸಂಸ್ಕಾರ, ಉರ್ದು ತರಗತಿ, ಇಂಗ್ಲಿಷ್ ಪುಸ್ತಕಗಳು, ಕೋಲ್‌ಬ್ರೂಕ್ ಮೂಲಕ ಬಂದ ಭಾಸ್ಕರ ಇಷ್ಟೂ ಸೇರಿ ಆದ ಗಣಿತಜ್ಞರನ್ನು ಶುದ್ಧ ಹಿಂದೂ ಬುದ್ಧಿಯ ಪ್ರತಿನಿಧಿಯೆಂದು ತೋರಿಸಲು ಡಿ ಮಾರ್ಗನ್ ಪ್ರಯತ್ನಿಸಿದರು. ಇತ್ತೀಚಿನ ಇತಿಹಾಸಕಾರರಲ್ಲಿ ಧ್ರುವ ರೈನಾ ಮತ್ತು ಎಸ್. ಇರ್ಫಾನ್ ಹಬೀಬ್ ಅವರು ಈ ಗ್ರಂಥವನ್ನು ಮತ್ತೆ ಓದಿ, ಹೊಸ ವಿಜ್ಞಾನವನ್ನು ಸ್ಥಳೀಯ ಜ್ಞಾನ ಪರಂಪರೆಯೊಳಗೆ ನೆಲೆಗೊಳಿಸುವ ಶಿಕ್ಷಣದ ಯೋಜನೆಯಾಗಿ ಅದನ್ನು ವಿವರಿಸಿದ್ದಾರೆ; ಗ್ರಂಥಕ್ಕೆ ಹೆಚ್ಚು ನ್ಯಾಯ ಸಲ್ಲಿಸುವ ಓದು ಅದೇ.

ಗ್ರಂಥ ಲಂಡನ್ನಿನ ದಾರಿಯಲ್ಲಿದ್ದಾಗ ಲೇಖಕರ ಬದುಕು ಬುಡಮೇಲಾಗಿತ್ತು. 1852ರ ಜುಲೈನಲ್ಲಿ ಅವರು, ವೈದ್ಯರಾಗಿದ್ದ ಚಮನ್‌ಲಾಲ್ ಅವರೊಡನೆ, ಕ್ರೈಸ್ತ ದೀಕ್ಷೆ ಪಡೆದರು. ನಗರದಲ್ಲಿ ದೊಡ್ಡ ಗದ್ದಲವೆದ್ದಿತು. ಕಾಲೇಜಿನಿಂದ ಮಕ್ಕಳನ್ನು ಬಿಡಿಸಿದವರೂ ಇದ್ದರು. ಬಂಧುಬಳಗದೊಡನೆ ಬಿರುಕು ಬಿದ್ದಿತು. 1857ರ ಮೇ 11ರಂದು ಮೀರತ್‌ನ ಸಿಪಾಯಿಗಳು ದೆಹಲಿಯನ್ನು ಹೊಕ್ಕಾಗ ಚಮನ್‌ಲಾಲ್ ಕೊಲೆಯಾದರು, ಕಾಲೇಜಿನ ಪ್ರಿನ್ಸಿಪಾಲ್ ಟೇಲರ್ ಕೂಡ ಬಲಿಯಾದರು, ಪುಸ್ತಕ ಭಂಡಾರ ಲೂಟಿಯಾಯಿತು. ರಾಮಚಂದ್ರರು ಅಡಗಿದ್ದು, ನಗರದಿಂದ ತಪ್ಪಿಸಿಕೊಂಡು, ಕೊನೆಗೆ ಬ್ರಿಟಿಷ್ ಶಿಬಿರ ಸೇರಿದರು. ಟೇಲರ್ ಸಾವಿನಲ್ಲಿ ಪಾಲುಂಟೆಂಬ ಆಪಾದನೆಯ ಮೇಲೆ ಪತ್ರಿಕಾ ಸಂಪಾದಕ ಮೌಲ್ವಿ ಮುಹಮ್ಮದ್ ಬಾಕರ್ ಅವರನ್ನು ಬ್ರಿಟಿಷರು ಕೊಂದರು; ಅವರ ಮಗನೇ ಮುಹಮ್ಮದ್ ಹುಸೇನ್ ಆಜಾದ್. ದೆಹಲಿಯನ್ನು ಮತ್ತೆ ಹಿಡಿದ ಬ್ರಿಟಿಷರ ನಡುವೆಯೂ ರಾಮಚಂದ್ರರಿಗೆ ನೆಮ್ಮದಿ ಇರಲಿಲ್ಲ. ಇಂಗ್ಲಿಷ್ ಅಧಿಕಾರಿಗಳು ತಮ್ಮ ಮನೆಯ ಮೇಲೆ ಮಣ್ಣಿನ ಉಂಡೆಗಳನ್ನು ಎಸೆಯುತ್ತಾರೆ, ದಾರಿಯಲ್ಲಿ ತಾನು ಕ್ರೈಸ್ತನೆಂದು ಹೇಳಿದರೂ ಕೋಲಿನಿಂದ ಹೊಡೆದರು ಎಂದು ಅವರು ನಗರದ ಸೈನಿಕ ಆಡಳಿತಗಾರರಿಗೆ ದೂರು ಬರೆದರು. ಬಂಡಾಯಗಾರರ ಕೈಯಲ್ಲಿ ಪಟ್ಟ ಕಷ್ಟಕ್ಕಿಂತ ಸ್ವಮತದವರ ಈ ಹಿಂಸೆ ಸಹಿಸಲು ಕಠಿಣವೆಂದು ಆ ದೂರಿನ ಭಾವ. ಊರಿನವರಿಗೆ ಪರಕೀಯರಾಗಿ, ಆಳುವವರಿಗೆ ಬರಿಯ ಕರಿಯನಾಗಿ ಕಂಡ ಆ ಚಳಿಗಾಲದಲ್ಲೇ ಅವರ ಗಣಿತ ಲಂಡನ್ನಿನಲ್ಲಿ ಗೌರವದ ಮಾತಾಗಿತ್ತು.

1858ರಲ್ಲಿ ಅವರು ರೂರ್ಕಿಯ ಥಾಮಸನ್ ಸಿವಿಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ದೇಶೀಯ ಮುಖ್ಯೋಪಾಧ್ಯಾಯರಾದರು, ಅದೇ ವರ್ಷ ದೆಹಲಿಯ ಜಿಲ್ಲಾ ಶಾಲೆಯ ಮುಖ್ಯಸ್ಥರಾಗಿ ಮರಳಿದರು. ಸ್ಥಿರ ಅನುಪಾತಗಳ ಕ್ರಮವೆಂದು ಕರೆದ ಅವಕಲನದ ಹೊಸ ನಿರೂಪಣೆಯೊಂದನ್ನು 1863ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಿಸಿದರು. ಇದಕ್ಕೆ ಮೊದಲಿನ ಗ್ರಂಥದಷ್ಟು ಗಮನ ಸಿಗಲಿಲ್ಲ. ಅನಾರೋಗ್ಯದಿಂದ 1866ರಲ್ಲಿ ಸರ್ಕಾರಿ ನೌಕರಿ ಬಿಟ್ಟು, ಪಟಿಯಾಲದ ಎಳೆಯ ಮಹಾರಾಜ ಮಹೇಂದ್ರ ಸಿಂಗ್ ಅವರ ಅಧ್ಯಾಪಕರಾದರು. 1870ರಲ್ಲಿ ಆ ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆ ರಚನೆಯಾದಾಗ ಅದರ ನಿರ್ದೇಶಕರಾಗಿ ಶಾಲೆಗಳ ವ್ಯವಸ್ಥೆ ಮಾಡಿದರು. 1880ರಲ್ಲಿ ಅವರು ತೀರಿಕೊಂಡರು.

ಡಿ ಮಾರ್ಗನ್ ಬಯಸಿದಂತೆ ರಾಮಚಂದ್ರರ ಗ್ರಂಥ ಭಾರತದ ತರಗತಿಗಳ ಪಠ್ಯವಾಗಲಿಲ್ಲ. ಕಾರಣ ಪುಸ್ತಕದಲ್ಲಿಲ್ಲ, ಅದರ ಸುತ್ತ ಬದಲಾದ ವ್ಯವಸ್ಥೆಯಲ್ಲಿದೆ. 1857ರಲ್ಲೇ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಅವು ಲಂಡನ್ ಮಾದರಿಯಲ್ಲಿ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳು. ಪರೀಕ್ಷೆ ಇಂಗ್ಲಿಷಿನಲ್ಲಿ, ಪಠ್ಯ ಇಂಗ್ಲೆಂಡಿನದು. ಐಸಾಕ್ ಟಾಡ್‌ಹಂಟರನ ಬೀಜಗಣಿತ, ರೇಖಾಗಣಿತಗಳು ಇಲ್ಲಿಯ ವಿದ್ಯಾರ್ಥಿಗಳ ಕೈಗೆ ಬಂದವು. ಸ್ವಂತ ದಾರಿಯಲ್ಲಿ ಗಣಿತಕ್ಕೆ ಪ್ರವೇಶ ಮಾಡಿಸುವ ಪುಸ್ತಕಕ್ಕೆ ಆ ಪರೀಕ್ಷೆಗಳಲ್ಲಿ ಅಂಕವಿರಲಿಲ್ಲ. 1857ರಲ್ಲಿ ಮುಚ್ಚಿದ ದೆಹಲಿ ಕಾಲೇಜು 1864ರಲ್ಲಿ ಮತ್ತೆ ತೆರೆಯಿತಾದರೂ ಹಳೆಯ ಉರ್ದು ವಿಜ್ಞಾನದ ಕೇಂದ್ರವಾಗಿ ಅಲ್ಲ. 1877ರಲ್ಲಿ ಅದನ್ನೂ ಮುಚ್ಚಿ ಲಾಹೋರಿನ ಕಾಲೇಜಿಗೆ ಆದ್ಯತೆ ಕೊಡಲಾಯಿತು.

ಉಳಿದುಬಂದದ್ದು ಶಿಷ್ಯರ ಮೂಲಕ. ಅಲಹಾಬಾದಿನ ಮ್ಯೂರ್ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದ ಜಕಾಉಲ್ಲಾ ಶಾಲೆ ಕಾಲೇಜುಗಳಿಗೆ ಬೇಕಾದ ಗಣಿತದ ಪುಸ್ತಕಗಳನ್ನು ದೊಡ್ಡ ಸಂಖ್ಯೆಯಲ್ಲಿ ಉರ್ದುವಿಗೆ ತಂದರು; ಸಿ. ಎಫ್. ಆಂಡ್ರೂಸ್ ಬರೆದ ಅವರ ಜೀವನಚರಿತ್ರೆಯಿಂದ ತಿಳಿಯುವಂತೆ, ದೆಹಲಿ ಕಾಲೇಜಿನ ಗಣಿತ ಪಾಠಗಳ ಉತ್ಸಾಹವನ್ನು ಮುಪ್ಪಿನಲ್ಲೂ ಅವರು ಮರೆತಿರಲಿಲ್ಲ. ಮುಂದಿನ ತಲೆಮಾರಿನಲ್ಲಿ ಆ ಕಾಲೇಜಿನ ಚರಿತ್ರೆಯನ್ನು ಬರೆದ ಮೌಲ್ವಿ ಅಬ್ದುಲ್ ಹಕ್ ಅವರೇ 1917ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕಾಗಿ ಆರಂಭವಾದ ಅನುವಾದ ಕಚೇರಿಯ ಮೊದಲ ಮುಖ್ಯಸ್ಥರಾದರು. ಉನ್ನತ ಗಣಿತವನ್ನು ಉರ್ದುವಿನಲ್ಲಿ ಬೋಧಿಸುವ ದೆಹಲಿಯ ಪ್ರಯೋಗ ಅಲ್ಲಿ ವಿಶ್ವವಿದ್ಯಾಲಯದ ಪ್ರಮಾಣದಲ್ಲಿ ಮತ್ತೆ ನಡೆಯಿತು. ನಿಜಾಮ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳಿಂದ ಉಸ್ಮಾನಿಯಾಕ್ಕೆ ಹೋದ ಕನ್ನಡಿಗರು 1948ರವರೆಗೂ ಬೀಜಗಣಿತ, ಕಲನಶಾಸ್ತ್ರಗಳನ್ನು ಆ ಭಾಷೆಯಲ್ಲೇ ಓದಿದರು. ದೆಹಲಿಯ ಹಿಂದೂಸ್ಥಾನಿ ಪ್ರದೇಶದಲ್ಲಿ ಉರ್ದು ಕಲಿಯುವವರ ಆಡುಮಾತಾಗಿತ್ತು, ಕಲಬುರಗಿಯ ಹಳ್ಳಿಯ ಹುಡುಗನಿಗೆ ಅದು ಆಡಳಿತದ ಭಾಷೆ. ಆದುದರಿಂದ ರಾಮಚಂದ್ರರ ತರಗತಿಯಲ್ಲಿ ಉರ್ದು ಮಾಡಿದ ಕೆಲಸವನ್ನು ಈ ಜಿಲ್ಲೆಗಳಲ್ಲಿ ಕನ್ನಡವೇ ಮಾಡಬೇಕಾಗಿತ್ತು, ಅದಕ್ಕೆ ಬೇಕಾದ ಪುಸ್ತಕಗಳು ಬಹುಮಟ್ಟಿಗೆ ಸಂಸ್ಥಾನ ಮುಗಿದ ಮೇಲೆ ಅಲ್ಲಿಯ ಶಾಲೆಗಳನ್ನು ತಲುಪತೊಡಗಿದವು.